ತಿರುಪಿಲ್ಲದ ಡಬ್ಬಿ

ಫೆಬ್ರುವರಿ 11

ಇಲ್ಲ. ನಾನಲ್ಲ. ಹತ್ತು ಸಲ ಕೇಳಿದರೂ ಇದನ್ನೇ ಹೇಳುತ್ತೇನೆ. ಕರೆಂಟು ಬಂದ ಮೇಲೆ ಮೋಟರು ತಡೆದು ಏಳಲಿ ಅಂತ ನಾನು ಮಾಡಿದ ಡಬ್ಬಿ ಇದ್ದದ್ದು ಒಂದೇ ಮೋಟರಿಗೆ, ಅದೂ ನಮ್ಮದಕ್ಕೆ. ಸುಟ್ಟ ಆ ಟಿಸಿಯ ಮೇಲೆ ಇರುವ ಮೋಟರುಗಳು ಎಂಟು. ಅಂಗೈಯಗಲದ ಡಬ್ಬಿಯೊಂದು ಇಡೀ ಟ್ರಾನ್ಸ್‌ಫಾರ್ಮರನ್ನು ಸುಡುವಷ್ಟು ಗಟ್ಟಿಯಿದ್ದರೆ ನಾನು ಅದನ್ನು ಮಿಲಿಟರಿಗೆ ಮಾರಿಕೊಳ್ಳುತ್ತಿದ್ದೆ, ಇಲ್ಲಿ ಕೂತು ನಿಮ್ಮ ಹತ್ತಿರ ಬೈಸಿಕೊಳ್ಳುತ್ತಿರಲಿಲ್ಲ.

ಕಟ್ಟೆಯ ಮೇಲೆ ಇದನ್ನೇ ಹೇಳಿದೆ. ಗುರುಬಸವ ನಕ್ಕ. ನಮ್ಮ ಪಕ್ಕದ ಹೊಲದವನು. ದಾಳಿಂಬೆ ಹಾಕಿದಾಗಿನಿಂದ ಊರಿನ ಯಾವ ಮಾತಿಗಾದರೂ ಕೊನೆಯ ಮಾತು ತನ್ನದೇ ಅಂದುಕೊಂಡಿದ್ದಾನೆ. "ನಿಮ್ಮಪ್ಪ ಗ್ಯಾನಪ್ಪ ಓಡ್ಯಾಡಿ ತಂದ ಟಿಸಿ ಐತಿ ಅದು, ಅದಕ್ಕ ಸುಮ್ನ ಅದೀವಿ," ಅಂದ. ಊರಲ್ಲಿ ಅದಕ್ಕೆ ಈಗಲೂ ಗ್ಯಾನಪ್ಪನ ಟಿಸಿ ಅಂತಲೇ ಹೆಸರು. ಅಪ್ಪ ಹೋಗಿ ನಾಲ್ಕು ವರ್ಷವಾಯಿತು.

ಅಣ್ಣ ಪಂಪಣ್ಣ ಪಕ್ಕದಲ್ಲೇ ಕೂತಿದ್ದ. ಎಲೆಗೆ ಸುಣ್ಣ ಹಚ್ಚಿದ, ಮಡಚಿದ, ಬಾಯಿಗಿಟ್ಟುಕೊಂಡ. ನನ್ನ ಪರವಾಗಿ ಒಂದು ಮಾತು ಬರಲಿಲ್ಲ. ಬಾಯಲ್ಲಿ ಎಲೆಯಿದ್ದಾಗ ಮಾತಾಡುವುದು ಕಷ್ಟ, ಒಪ್ಪಿದೆ.

ಯಾಕೆ ಸುಟ್ಟಿತು ಅಂತ ಇಲ್ಲಿ ಬರೆಯುತ್ತೇನೆ, ಯಾರೂ ಕೇಳದಿದ್ದರೂ. ಎಂಟು ಮಂದಿಯ ಸ್ಟಾರ್ಟರಿಗೂ ಆಟೋ ಸ್ವಿಚ್ ಇದೆ. ನಾವು ಹೊಲದಲ್ಲಿ ಇಲ್ಲದಾಗ ಕರೆಂಟು ಬಂದರೆ ಮೋಟರು ತಾನೇ ಏಳಲಿ ಅಂತ. ಅದರಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ಬಲಕ್ಕೆ ತಿರುವಿದರೆ ಕರೆಂಟು ಬಂದ ಮೇಲೆ ಸ್ವಲ್ಪ ಕಾದು ಏಳುತ್ತದೆ, ಎಡಕ್ಕೆ ತಿರುವಿದರೆ ಬಂದ ಕೂಡಲೇ. ಎಂಟು ಮಂದಿಯೂ ಎಡಕ್ಕೆ ಪೂರ್ತಿ ತಿರುವಿ ಇಟ್ಟಿದ್ದಾರೆ. ಪಕ್ಕದವನ ಬೋರು ಮೊದಲು ಎಳೆದರೆ ತನ್ನದು ಬತ್ತುತ್ತದೆ ಅನ್ನುವ ಭಯ. ಮೋಟರು ಓಡುವಾಗ ಎಳೆಯುವುದಕ್ಕಿಂತ ಏಳುವಾಗ ಎಳೆಯುವ ಕರೆಂಟು ಎಷ್ಟೋ ಪಟ್ಟು ಹೆಚ್ಚು. ಎಂಟೂ ಒಂದೇ ಏಟಿಗೆ ಎದ್ದರೆ ಟಿಸಿ ಪಾಪ ಏನು ಮಾಡಬೇಕು? ಸುಟ್ಟಿತು.

ನಾನಲ್ಲ.

ಫೆಬ್ರುವರಿ 13

ಹೊಸ ಟಿಸಿ ಯಾವಾಗ ಬರುತ್ತದೆ ಅಂತ ಲೈನ್‌ಮನ್ನಿಗೂ ಗೊತ್ತಿಲ್ಲ. ಊರಲ್ಲಿ ಯಾರ ಮುಖವೂ ನೋಡಬಾರದು ಅಂತ ಬೆಳಿಗ್ಗೆ ಬೇಗ ತಾವರಗೇರಾಕ್ಕೆ ಬಂದುಬಿಟ್ಟೆ. ಒಂಬತ್ತನೇ ಕ್ಲಾಸಿನಲ್ಲಿ ಸಾಲಿ ಬಿಟ್ಟಾಗಿನಿಂದ ಇಲ್ಲಿ ಜಿಲಾನಿ ಉಸ್ತಾದರ ಅಂಗಡಿಯಲ್ಲಿ ಮೋಟರ್ ಕಟ್ಟುತ್ತೇನೆ. ಸುಟ್ಟ ತಂತಿ ಬಿಚ್ಚುವುದು, ಹೊಸದು ಸುತ್ತುವುದು.

ಉಸ್ತಾದರು ಒಂದೇ ಪ್ರಶ್ನೆ ಕೇಳಿದರು. "ನಿನ್ನ ಡಬ್ಬಿ ಕೆಲಸ ಮಾಡ್ತಿತ್ತೇನಪಾ?"

ಮಾಡುತ್ತಿತ್ತು ಅಂದೆ. ಆಮೇಲೆ ಮನೆಯಿಂದ ತಂದಿದ್ದ ಡಬ್ಬಿಯನ್ನು ಹಳೆಯ ಸ್ಟಾರ್ಟರೊಂದಕ್ಕೆ ಹಚ್ಚಿ ನೋಡಿದೆ. ಮಾಡುತ್ತಿರಲಿಲ್ಲ. ಸ್ಟಾರ್ಟರ್ ಧಡ್ ಅಂತ ಬಡಿದಾಗಲೆಲ್ಲ ಒಳಗಿನ ಪುಟ್ಟ ಕಂಪ್ಯೂಟರು ಬೆಚ್ಚಿ ನಿಂತುಬಿಡುತ್ತಿತ್ತು. ವಿಡಿಯೋದಲ್ಲಿ ಎಲ್ಲರೂ ಹೊಗಳುತ್ತಾರೆ ಅಂತ ತರಿಸಿದ ಮಾಡ್ಯೂಲು. ಅದಕ್ಕೆ ವೈಫೈ ಇದೆ, ಬ್ಲೂಟೂತ್ ಇದೆ. ನಮ್ಮ ಹೊಲದಲ್ಲಿ ಎರಡೂ ಇಲ್ಲ. ದಿನವೆಲ್ಲ ಯಾರಾದರೂ ಸಿಗುತ್ತಾರಾ ಅಂತ ಹುಡುಕುತ್ತ ಕೂತಿರುತ್ತದೆ, ಯಾರೂ ಸಿಗುವುದಿಲ್ಲ.

ಟಿಸಿ ಸುಟ್ಟದ್ದು ಅದರಿಂದಲ್ಲ. ಆದರೆ ಅದು ಕೆಲಸಕ್ಕೆ ಬಾರದ್ದು ಅನ್ನುವುದೂ ಖರೆ. ಉಸ್ತಾದರಿಗೆ ನಾಳೆ ಹೇಳುತ್ತೇನೆ.

ಫೆಬ್ರುವರಿ 18

ಬೇರೆ ಚಿಪ್ಪು ಹುಡುಕುತ್ತಿದ್ದೇನೆ. ಈ ವಿಷಯ ಮಾತಾಡುವವರು ನನ್ನ ಫೋನಿನೊಳಗೆ ಮಾತ್ರ ಇದ್ದಾರೆ. ಹಿಂದಿ ಅರ್ಧ ತಿಳಿಯುತ್ತದೆ, ಇಂಗ್ಲಿಷ್ ಕಾಲು. ಒಬ್ಬನ ವಿಡಿಯೋ ಕೆಳಗೆ ಪ್ರಶ್ನೆ ಬರೆದೆ: ಮೋಟರಿನ ಪಕ್ಕದಲ್ಲಿ ಇಟ್ಟರೂ ನಿಲ್ಲದ ಚಿಪ್ಪು ಯಾವುದು, ಕಡಿಮೆ ರೇಟಿನದು? ಐದು ದಿನದ ಮೇಲೆ ಯಾರೋ ಒಬ್ಬ ನಗುವ ಗೊಂಬೆ ಹಾಕಿದ್ದಾನೆ. ಅಷ್ಟೇ.

ಸಿಮ್ ಹಾಕುವ ರೆಡಿ ಡಬ್ಬಿ ಕುಷ್ಟಗಿಯಲ್ಲಿ ಸಿಗುತ್ತದೆ. ಅದಕ್ಕೆ ನೆಟ್‌ವರ್ಕ್ ಬೇಕು, ತಿಂಗಳಿಗೊಮ್ಮೆ ರಿಚಾರ್ಜ್ ಬೇಕು, ಬೆಲೆ ಕೇಳಿದರೆ ನಮ್ಮ ಎಂಟು ಮಂದಿಯಲ್ಲಿ ಕಾಯಿಪಲ್ಯೆ ಮಾರುವ ಪಕ್ಕೀರವ್ವನಂಥವರು ಅಂಗಡಿ ಮೆಟ್ಟಿಲಿನಿಂದಲೇ ವಾಪಸು. ಎಂಟರಲ್ಲಿ ಒಬ್ಬರು ಹಾಕದಿದ್ದರೂ ಉಪಯೋಗವಿಲ್ಲ. ಆದ್ದರಿಂದ ಎಲ್ಲರಿಗಿಂತ ಬಡವರಿಗೆ ಆಗುವಂಥದ್ದೇ ಆಗಬೇಕು.

ಕೊನೆಗೆ ಎಂಟು ಕಾಲಿನ ಒಂದು ಸಣ್ಣ ಚಿಪ್ಪಿಗೆ ಬಂದು ನಿಂತಿದ್ದೇನೆ. ಒಂದು ಪ್ಲೇಟು ಮಿರ್ಚಿಗಿಂತ ಸೋವಿ. ಬೆಂಗಳೂರಿನಿಂದ ಕೊರಿಯರ್ ಬರಬೇಕು.

ಮನೆಯಲ್ಲಿ ಅಣ್ಣ ನಾನು ಬರುವ ಮೊದಲೇ ಉಂಡಿರುತ್ತಾನೆ. ಅತ್ತಿಗೆ ಹೇಮಾವತಿ ತಾಟು ಮುಚ್ಚಿಟ್ಟು ಮಲಗಿರುತ್ತಾಳೆ.

ಫೆಬ್ರುವರಿ 23

ಚಿಪ್ಪು ಬಂತು. ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. ಬರೆದ ಪ್ರೋಗ್ರಾಮನ್ನು ಲ್ಯಾಪ್‌ಟಾಪಿನಿಂದ ಅದರೊಳಗೆ ಇಳಿಸಿದೆ. ಎರಡು ಸಲ ತಪ್ಪಾಯಿತು. ಮೂರನೇ ಸಲ ಕೆಂಪು ದೀಪ ಹತ್ತಿತು, ಆರಿತು, ಹತ್ತಿತು. ತಲೆಯೆತ್ತಿ ನೋಡಿದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ, ಉಸ್ತಾದರು ನಮಾಜಿಗೆ ಹೋಗಿದ್ದರು. ಬಾಗಿಲಲ್ಲಿ ಒಂದು ಆಡು ನಿಂತಿತ್ತು.

ಉಸ್ತಾದರು ಬಂದ ಮೇಲೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು.

"ಏನೇನ್ ಬರ್ತೈತಿ ಇದಕ್ಕ?"

"ಎಣಿಸೋದು ಬರ್ತೈತ್ರಿ."

"ಮತ್ತ?"

"ಮತ್ತೇನೂ ಬರಂಗಿಲ್ರಿ."

"ಹಂಗಾದ್ರ ನಮ್ಮ ಪೈಕಿನ ಬಿಡು," ಅಂದು ಚಹಾ ತರಿಸಿದರು.

ಸ್ಟಾರ್ಟರಿನ ಪಕ್ಕದಲ್ಲಿಟ್ಟು ನೂರಾರು ಸಲ ಧಡ್ ಧಡ್ ಅನ್ನಿಸಿದೆ. ನಿಲ್ಲಲಿಲ್ಲ. ಹಳೆಯ ಫೋನ್ ಚಾರ್ಜರಿನಿಂದ ಕರೆಂಟು ಕೊಟ್ಟಾಗ ಮಾತ್ರ ಎರಡು ಸಲ ತಪ್ಪಿತು. ನಮ್ಮ ಲೈನಿನ ಏರಿಳಿತಕ್ಕೆ ಚಾರ್ಜರ್ ತಡೆಯುವುದಿಲ್ಲ. ಕಬ್ಬಿಣದ ಪಟ್ಟಿಗೆ ನಾನೇ ತಂತಿ ಸುತ್ತಿ ಸಣ್ಣ ಟ್ರಾನ್ಸ್‌ಫಾರ್ಮರ್ ಮಾಡಿದೆ. ತೂಕ ಜಾಸ್ತಿ, ನೋಡಲು ಚಂದವಿಲ್ಲ. ಇರಲಿ.

ಫೆಬ್ರುವರಿ 26

ಡಬ್ಬಿಗೆ ತಿರುಪು ಇಡುವುದಿಲ್ಲ ಅಂತ ಇವತ್ತು ಗಟ್ಟಿಮಾಡಿದೆ. ತಿರುಪು ಇಟ್ಟರೆ ಎಡಕ್ಕೆ ತಿರುವುತ್ತಾರೆ. ಎಷ್ಟು ಕಾಯಬೇಕು ಅನ್ನುವುದನ್ನು ಚಿಪ್ಪಿನೊಳಗೇ ಬರೆದುಬಿಡುವುದು, ಒಂದೊಂದಕ್ಕೆ ಒಂದೊಂದು ಪಾಳಿ. ಒಂದು ಮೋಟರು ಎದ್ದು ಸುಧಾರಿಸಿಕೊಂಡ ಮೇಲೆ ಇನ್ನೊಂದು. ಉಸ್ತಾದರು ಒಪ್ಪಲಿಲ್ಲ. ರೊಕ್ಕ ಕೊಟ್ಟು ತಗೊಂಡ ಸಾಮಾನು ತನ್ನ ಕೈಮಾತು ಕೇಳದಿದ್ದರೆ ರೈತ ಒಪ್ಪುವುದಿಲ್ಲ ಅಂದರು. ತಿರುಪು ರೈತನ ಕೈಮಾತು ಕೇಳಿದ್ದಕ್ಕೇ ಟಿಸಿ ಸುಟ್ಟದ್ದು ಅಂದೆ. ಜೋರಾಗಿಯೇ ಅಂದೆ. ಅವರು ತಮ್ಮ ಕೆಲಸಕ್ಕೆ ಹೋದರು.

ಮಾರ್ಚ್ 3

ಟಿಸಿ ಬಂತು. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಏರಿಸಿದರು. ಲೈನ್‌ಮನ್ ಕೈ ಒರೆಸಿಕೊಳ್ಳುತ್ತ, ಇನ್ನೊಂದು ಸಲ ಸುಟ್ಟರೆ ಈ ಬೇಸಿಗೆ ಮುಗಿಯುವ ತನಕ ನನ್ನನ್ನು ಹುಡುಕಿಕೊಂಡು ಬರಬೇಡಿ ಅಂದ. ಎಲ್ಲರೂ ನನ್ನ ಕಡೆ ನೋಡಿದರು. ಆಗಲೇ ಡಬ್ಬಿಗಳ ಚೀಲ ಕೆಳಗಿಟ್ಟು ಹೇಳಬೇಕಾದ್ದು ಹೇಳಿದೆ. ಎಲ್ಲರೂ ಹಾಕಿಸಬೇಕು, ಸಾಮಾನಿನ ಖರ್ಚು ಕೊಟ್ಟರೆ ಸಾಕು.

"ಒಂದಕ್ಕ ಒಂದು ಟಿಸಿ ಹೋತು," ಅಂದ ಗುರುಬಸವ. "ಈಗ ಎಂಟು ತಂದಾನ."

ಎಲ್ಲರೂ ನಕ್ಕರು. ಅಣ್ಣನೂ ಸ್ವಲ್ಪ ನಕ್ಕ, ನೋಡಿದೆ.

ನಗದೆ ಇದ್ದವಳು ಪಕ್ಕೀರವ್ವ ಒಬ್ಬಳು. ಅವಳ ಹೊಲ ಲೈನಿನ ಕೊನೆಗಿದೆ. ಅರ್ಧ ಎಕರೆಯಲ್ಲಿ ಬದನೆ, ಮೆಂತ್ಯ ಬೆಳೆದು ತಾವರಗೇರಾ ಸಂತೆಯಲ್ಲಿ ಮಾರುತ್ತಾಳೆ. ಗಂಡ ಇಲ್ಲ, ಮಗಳು ಮೇಘಾಳನ್ನು ಯಲಬುರ್ಗಾದ ಕಡೆ ಕೊಟ್ಟಿದ್ದಾಳೆ. ಬಾವಿಗೆ ಒಂದು ಸಣ್ಣ ಹಳೆಯ ಮೋಟರು. ಎಲ್ಲರ ಮೋಟರೂ ಒಟ್ಟಿಗೆ ಎದ್ದಾಗ ಕೊನೆಗಿರುವ ಅವಳ ಮೋಟರಿಗೆ ಕರೆಂಟೇ ಸಾಲದು, ಗುಂಯ್ ಅಂತ ನರಳಿ ಸುಡುತ್ತದೆ. ನಾನೇ ಎರಡು ಸಲ ಕಟ್ಟಿಕೊಟ್ಟಿದ್ದೇನೆ.

"ನಂದಕ್ಕ ಹಾಕಪಾ," ಅಂದಳು. "ಸುಟ್ರ ಕಟ್ಟಾಂವರ ಯಾರು, ನೀನ ಅಲ್ಲೇನು?"

ಒಬ್ಬ ಹೆಂಗಸು ಹಾಕಿಸಿಕೊಂಡ ಮೇಲೆ ಗಂಡಸರಿಗೆ ಬೇಡ ಅನ್ನಲು ನಾಚಿಕೆಯಾಯಿತು. ಒಬ್ಬೊಬ್ಬರೇ ಹ್ಞೂಂ ಅಂದರು. ಎಲ್ಲರಿಗಿಂತ ಕೊನೆಗೆ ಹ್ಞೂಂ ಅಂದವನು ನಮ್ಮಣ್ಣ.

ಮಾರ್ಚ್ 8

ಈ ನಾಲ್ಕು ದಿನ ನನಗೆ ಬಂದ ಮರ್ಯಾದೆ ಹುಟ್ಟಿದಾಗಿನಿಂದ ಬಂದಿಲ್ಲ. ಒಬ್ಬ ಅಳಿಯಾ ಅಂತ ಕರೆದು ಮನೆಗೆ ಒಯ್ದು ಚಹಾ ಕುಡಿಸಿದ. ಇನ್ನೊಬ್ಬ ಗುಡಿಯ ಹಿಂದೆ ನಿಲ್ಲಿಸಿಕೊಂಡ. ಗುರುಬಸವ ಕೇಬಲ್ ರೇಟು ಕೇಳುವ ನೆಪದಲ್ಲಿ ಅಂಗಡಿಗೇ ಬಂದ. ಎಲ್ಲರದೂ ಒಂದೇ ಮಾತು: ನಂದೊಂದು ಮೊದಲು ಏಳೋ ಹಂಗ ಮಾಡು, ಯಾರಿಗೂ ಹೇಳಬ್ಯಾಡ.

ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಅಂತರ ಒಂದು ಎಲೆಯಡಿಕೆ ಜಗಿದು ಉಗುಳುವಷ್ಟು. ಅಷ್ಟರಲ್ಲಿ ಯಾರ ಬೋರೂ ಬತ್ತುವುದಿಲ್ಲ. ಎಲ್ಲರಿಗೂ ಇಲ್ಲ ಅಂದೆ, ಮುಖದ ಮೇಲೇ. ನಿಮ್ಮಪ್ಪ ಹೀಗಿರಲಿಲ್ಲ ಅಂದರು.

ಅಣ್ಣ ಮಾತ್ರ ಕೇಳಲಿಲ್ಲ. ಕೇಳುವ ಜರೂರಿಯೇ ಇಲ್ಲ ಅಂದುಕೊಂಡಿದ್ದಾನೆ.

ಕೊನೆಯಲ್ಲಿರುವ ಮೋಟರಿಗೆ ಕರೆಂಟು ಕಡಿಮೆ, ಆದ್ದರಿಂದ ಬೇರೆ ಯಾವುದೂ ಓಡದಾಗ ಅದು ಮೊದಲು ಏಳಬೇಕು. ಪಕ್ಕೀರವ್ವನದು ಒಂದನೆಯದು. ನಮ್ಮ ಹೊಲ ಟಿಸಿ ಕಂಬದ ಬುಡಕ್ಕೇ ಇದೆ. ನಮ್ಮದು ಎಂಟನೆಯದು. ನಮ್ಮದನ್ನು ಮೊದಲಿಟ್ಟರೆ ಜನ ನನ್ನನ್ನು ಕಳ್ಳ ಅನ್ನುತ್ತಿದ್ದರು, ಅದೂ ಒಂದು ಕಾರಣ.

ಮಾರ್ಚ್ 9

ಬೆಳಿಗ್ಗೆ ಎಂಟನೆಯ ಡಬ್ಬಿಯನ್ನೂ ಹಾಕಿ ಮುಗಿಸಿದೆ, ಮಧ್ಯಾಹ್ನ ತ್ರೀಫೇಸ್ ಕರೆಂಟು ಬಂತು. ನಾನು ನಮ್ಮ ಹೊಲದ ಬದುವಿನ ಮೇಲೆ ನಿಂತಿದ್ದೆ.

ಮೊದಲು ದೂರದಲ್ಲಿ ಪಕ್ಕೀರವ್ವನ ಹಳೆಯ ಮೋಟರು ಕೆಮ್ಮಿ ಎದ್ದಿತು. ಆಮೇಲೆ ಅದರ ಈಚೆಯದು. ಆಮೇಲೆ ಇನ್ನೊಂದು. ಸಂಜೆ ಒಂದೊಂದೇ ಮನೆಯಲ್ಲಿ ದೀಪ ಹಚ್ಚಿಕೊಂಡು ಯಾರೋ ನನ್ನ ಕಡೆಗೆ ಬಂದ ಹಾಗೆ. ಕೊನೆಗೆ ನನ್ನ ಬೆನ್ನ ಹಿಂದೆಯೇ ನಮ್ಮದು ಎದ್ದಿತು. ಟಿಸಿಗೆ ಬಿಸಿಯಿಲ್ಲ, ಸದ್ದಿಲ್ಲ.

ಎಲ್ಲರೂ ನೀರು ತಿರುವಲು ಹೋದರು. ನಾನು ಅಲ್ಲೇ ಬಹಳ ಹೊತ್ತು ನಿಂತಿದ್ದೆ. ಕಣ್ಣಲ್ಲಿ ಏನೋ ಬಿದ್ದಿತ್ತು, ಗಾಳಿ ಇತ್ತು.

ಮಾರ್ಚ್ 10

ಕರೆಂಟು ಬಂತು. ಎಂಟೂ ಎದ್ದವು.

ಮಾರ್ಚ್ 14

ಅಂಗಡಿಯಿಂದ ಬರುವಾಗ ದಿನಾ ಪಕ್ಕೀರವ್ವನ ಹೊಲಕ್ಕೆ ಹೋಗುತ್ತೇನೆ. ಡಬ್ಬಿ ಚೆಕ್ ಮಾಡಬೇಕಾಗುತ್ತದೆ. ಚೆಕ್ ಮಾಡಲು ಏನೂ ಇರುವುದಿಲ್ಲ, ಆದರೂ ಒಮ್ಮೆ ಮುಚ್ಚಳ ತೆಗೆದು ಹಾಕುತ್ತೇನೆ. ಅಷ್ಟರಲ್ಲಿ ಅವಳು ರೊಟ್ಟಿ, ಬದನೆಕಾಯಿ ಪಲ್ಯ ತಂದಿಡುತ್ತಾಳೆ. ಬೇಡ ಅಂದರೂ ಕೇಳುವುದಿಲ್ಲ. ಇವತ್ತು ಬೇಡ ಅನ್ನಲಿಲ್ಲ.

ಮೊದಲೆಲ್ಲ ಮೋಟರು ಏಳುತ್ತದೋ ಇಲ್ಲವೋ ಅಂತ ಬಾವಿ ಕಟ್ಟೆಯ ಮೇಲೆ ಕಾಯುತ್ತ ಕೂರುತ್ತಿದ್ದಳಂತೆ. ಈಗ ಮನೆಯಲ್ಲೇ ಸದ್ದು ಕೇಳಿಸುತ್ತದೆ, ಎಲ್ಲರಿಗಿಂತ ಮೊದಲು ಅಂತ ಹೇಳಿದಳು. "ಈ ವಯಸ್ಸಿನ್ಯಾಗ ಯಾವುದರಾಗರ ಮೊದಲು ಬಂದ್ನೆಪಾ," ಅಂತ ಸೆರಗು ಬಾಯಿಗಿಟ್ಟು ನಕ್ಕಳು.

ಮೆಂತ್ಯದ ಮಡಿಗಳಲ್ಲಿ ನೀರು ಹರಿಯುವುದನ್ನು ನೋಡುತ್ತ ಕೂತಿದ್ದೆ. ನೀರು ಮಡಿಯ ಮೂಲೆಗೆ ಹೋಗಿ ಸ್ವಲ್ಪ ಹೊತ್ತು ಯೋಚನೆ ಮಾಡಿ ಆಮೇಲೆ ತಿರುಗುತ್ತದೆ. ಇದನ್ನು ನಾನು ಎಂದೂ ನೋಡಿರಲಿಲ್ಲ, ರೈತನ ಮಗನಾಗಿ.

ಮಾರ್ಚ್ 17

ಗೊತ್ತಾಗಿಬಿಟ್ಟಿದೆ. ಯಾರದು ಮೊದಲು ಏಳುತ್ತದೆ, ಯಾರದು ಕೊನೆಗೆ ಅಂತ ಜನ ಕಿವಿಗೊಟ್ಟು ಎಣಿಸಿದ್ದಾರೆ. ಚಹಾದಂಗಡಿಯಲ್ಲಿ ಗುರುಬಸವ ಅಣ್ಣನಿಗೆ, ಗ್ಯಾನಪ್ಪನ ಟಿಸಿ ಮೇಲೆ ಗ್ಯಾನಪ್ಪನ ಮಗನೇ ಕಡೀಕ ಆದನಲ್ಲ ಅಂದನಂತೆ. ಅಣ್ಣ ಚಹಾ ಅರ್ಧಕ್ಕೇ ಬಿಟ್ಟು ಬಂದನಂತೆ. ಇದನ್ನೆಲ್ಲ ಹೇಳಿದವಳು ಅತ್ತಿಗೆ.

"ನಮ್ಮದನ್ನ ಮೊದಲಿಟ್ಟಿದ್ರ ನಿಂದೇನ್ ಹೋಗ್ತಿತ್ತು ಯಂಕೇಶ?"

ಕೊನೆಗಿರುವವರ ಮೋಟರು ಸುಡುತ್ತದೆ ಅಂದೆ.

"ಮೋಟರ್ ಕಟ್ಟಬಹುದು," ಅಂದಳು. "ನಿಮ್ಮಣ್ಣ ಮೂರು ದಿನ ಆತು, ಕಟ್ಟಿ ಕಡೆ ಹೋಗಿಲ್ಲ."

ತಾಟು ಎಳೆದುಕೊಂಡು ಉಣ್ಣಲು ಕೂತೆ. ಮೊದಲಾಗಿದ್ದರೆ ಏನಾದರೂ ಒದರುತ್ತಿದ್ದೆ.

ಮಾರ್ಚ್ 20

ಇವತ್ತು ಎರಡು ಮೋಟರು ಒಟ್ಟಿಗೆ ಎದ್ದವು. ಪಕ್ಕೀರವ್ವನದರ ಜೊತೆಗೇ ಟಿಸಿಯ ಕಡೆ ಇನ್ನೊಂದು, ದೊಡ್ಡದು. ಯಾರೋ ಡಬ್ಬಿಯನ್ನು ಬಿಟ್ಟು ಅಡ್ಡತಂತಿ ಎಳೆದಿದ್ದಾರೆ. ಗುರುಬಸವನೇ ಅಂತ ಸಿಟ್ಟಿನಿಂದ ಅವನ ಸ್ಟಾರ್ಟರ್ ಪೆಟ್ಟಿಗೆ ತೆಗೆದೆ. ನಾನು ಹಾಕಿದ್ದು ಹಾಕಿದ ಹಾಗೇ ಇತ್ತು. ಅದರ ಪಕ್ಕದ್ದೂ ಹಾಗೇ. ಒಂದೊಂದೇ ನೋಡುತ್ತ ಬಂದೆ.

ಅಡ್ಡತಂತಿ ಇದ್ದದ್ದು ನಮ್ಮದರಲ್ಲಿ.

ನಮ್ಮ ಪೆಟ್ಟಿಗೆಯೊಂದಕ್ಕೇ ಬೀಗ. ಅದರ ಒಂದು ಕೀಲಿ ಅಣ್ಣನ ಉಡದಾರದಲ್ಲಿ ಇರುತ್ತದೆ, ಇನ್ನೊಂದು ನನ್ನ ಹತ್ತಿರ. ತಂತಿಯನ್ನು ಕಿತ್ತುಹಾಕಲು ಕೈ ಹಾಕಿದೆ, ಬಿಟ್ಟೆ. ಪೆಟ್ಟಿಗೆ ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಗೊತ್ತಿಲ್ಲ. ಹಸಿವಾಗಿತ್ತು ಅಂತ ಕಾಣುತ್ತದೆ.

ಮಾರ್ಚ್ 21

ಮೂರು ಒಟ್ಟಿಗೆ.

ಮಾರ್ಚ್ 22

ಐದು. ಒಬ್ಬನದು ಕೇಳಿ ಇನ್ನೊಬ್ಬ. ಉಳಿದವರು ಹೇಗೂ ಕಾಯುತ್ತಾರೆ, ನಾನೊಬ್ಬ ಕಾಯದಿದ್ದರೆ ಏನಾಯಿತು ಅಂತ ಪ್ರತಿಯೊಬ್ಬನೂ ಅಂದುಕೊಂಡಿರಬೇಕು. ಟಿಸಿ ಮತ್ತೆ ಗುಂಯ್ಗುಡುತ್ತಿದೆ.

ಮಾರ್ಚ್ 24

ಪಕ್ಕೀರವ್ವನ ಮೋಟರು ಸುಟ್ಟಿತು.

ಅವಳು ಬಾವಿ ಕಟ್ಟೆಯ ಮೇಲೆ ಕೂತಿದ್ದಳು. ನಾನು ಮೋಟರಿನ ತಂತಿ ಬಿಚ್ಚಿದೆ. ಅವಳೇ ಎದ್ದು ಮೋಟರಿನ ಒಂದು ಬದಿ ಹಿಡಿದು ಗಾಡಿಗೆ ಏರಿಸಿದಳು. ಹಗ್ಗ ಬಿಗಿದಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು.

ಅಂಗಡಿಯಲ್ಲಿ ಮೋಟರು ಬಿಚ್ಚಿದಾಗ ಸುಟ್ಟ ವಾಸನೆಗೆ ಉಸ್ತಾದರು ಹತ್ತಿರ ಬಂದರು. ತಂತಿಯ ಉಂಡೆ ಹಿಡಿದುಕೊಂಡು ಎದುರಿಗೆ ಕೂತರು. ನಾನು ಸುತ್ತಿದೆ, ಅವರು ಬಿಟ್ಟುಕೊಟ್ಟರು. ಮೆಂತ್ಯಕ್ಕೆ ಮೂರು ದಿನದೊಳಗೆ ನೀರು ಬೇಕು.

ಮಾರ್ಚ್ 26

ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಪಕ್ಕೀರವ್ವನ ಮೋಟರಿದೆ, ಕಟ್ಟಿ ಮುಗಿದಿದೆ, ವಾರ್ನಿಶ್ ಒಣಗಬೇಕು.

ಸಂಜೆ ನಮ್ಮ ಪಡಸಾಲೆಯಲ್ಲಿ ಎಲ್ಲರೂ ಸೇರಿದ್ದರು. ಪಕ್ಕೀರವ್ವನೂ ಬಂದು ಕಂಬಕ್ಕೆ ಒರಗಿದ್ದಳು. ಗುರುಬಸವನೇ ಶುರು ಮಾಡಿದ. ಮೊದಲು ಟಿಸಿ ಹೋಯಿತು, ಈಗ ಈ ಮುದುಕಿಯ ಮೋಟರು ಹೋಯಿತು, ಎರಡಕ್ಕೂ ಇವನ ಡಬ್ಬಿಯೇ ಕಾರಣ ಅಂದ. ಡಬ್ಬಿಗೆ ಒಂದು ತಿರುಪು ಇಡಲಿ, ಅವರವರದು ಅವರವರು ನೋಡಿಕೊಳ್ಳುತ್ತಾರೆ ಅಂದ. ಪಕ್ಕೀರವ್ವ ಬೇಕಾದರೆ ಎಲ್ಲರದೂ ಎದ್ದ ಮೇಲೆ ತನ್ನದು ಹಚ್ಚಿಕೊಳ್ಳಲಿ ಅಂದ. ಎಲ್ಲರೂ ಹೌದೌದು ಅಂದರು, ಅಡ್ಡತಂತಿ ಎಳೆದವರು ಎಲ್ಲರಿಗಿಂತ ಜೋರಾಗಿ.

ನನ್ನ ಬಾಯಲ್ಲಿ ಒಂದೇ ಒಂದು ಮಾತಿತ್ತು. ಅದನ್ನು ಅಂದಿದ್ದರೆ ಫೆಬ್ರುವರಿಯಿಂದ ನನ್ನ ಮೈಗೆ ಮೆತ್ತಿದ ಮಸಿಯೆಲ್ಲ ಅಲ್ಲೇ ತೊಳೆದುಹೋಗುತ್ತಿತ್ತು. ಅಣ್ಣನ ಕಡೆ ನೋಡಿದೆ. ಅವನೂ ನನ್ನನ್ನು ನೋಡಿದ. ನನಗೆ ಗೊತ್ತಿದೆ ಅನ್ನುವುದು ಅವನಿಗೆ ಆಗ ಗೊತ್ತಾಯಿತು. ಮುಖ ಮಣ್ಣಿನ ಬಣ್ಣಕ್ಕೆ ತಿರುಗಿತು. ಕೈ ಉಡದಾರದ ಕೀಲಿಯ ಮೇಲೆ ಹೋಯಿತು.

ಆ ಮಾತಿಗೆ ನಾಲಿಗೆ ಏಳಲಿಲ್ಲ. ಬೇರೆ ಮಾತು ಬಂತು.

"ಮೋಟರ್ ಸುಟ್ಟದ್ದು ನನ್ನ ಮ್ಯಾಲ ಇರ್ಲಿ. ಟಿಸಿನೂ ಇರ್ಲಿ. ಅಡ್ಡತಂತಿ ಯಾರ್ ಹಾಕ್ಯಾರ ಅಂತ ನಾ ಕೇಳಂಗಿಲ್ಲ. ಮುಂಜಾನಿ ಎಲ್ಲಾರೂ ತಗದುಬಿಡ್ರಿ. ಪಕ್ಕೀರವ್ವ ಆಯಿದು ಮೊದಲು ಏಳ್ತೈತಿ. ತಿರುಪು ನಾ ಇಡಂಗಿಲ್ಲ."

"ನೋಡ್ರಿ," ಅಂದ ಗುರುಬಸವ. "ತಾನ ಒಪ್ಪಿಕೊಂಡ."

ಅಣ್ಣ ಎದ್ದು ನಿಂತ. ನಾನು ಹೇಳಿಬಿಟ್ಟಿದ್ದರೆ ಅವನಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ ಅಂತ ಕಾಣುತ್ತದೆ.

"ಈ ಮನ್ಯಾಗ ಉಣ್ಣಾಂವ ಈ ಮನಿ ಮೋಟರ್ ಮೊದಲಿಡ್ಬೇಕು," ಅಂದ. "ಇಲ್ಲಾಂದ್ರ ಇಲ್ಲಿ ನಿನಗ ಜಾಗ ಇಲ್ಲ."

ಒಳಗೆ ಹೋಗಿ ಲ್ಯಾಪ್‌ಟಾಪು, ಸೋಲ್ಡರ್ ಕಡ್ಡಿ, ಎರಡು ಅಂಗಿ ಚೀಲಕ್ಕೆ ತುಂಬಿದೆ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೊರಗೆ ಬಂದಾಗ ಪಕ್ಕೀರವ್ವ ನನ್ನ ತೋಳು ಹಿಡಿದಳು.

"ಬ್ಯಾಡೋ ಯಪ್ಪಾ. ನಂದು ಕಡೀಕ ಇಡು. ಮೆಂತೆ ಸಲುವಾಗಿ ಮನಿ ಬಿಡ್ತಾರೇನು?"

"ನಾಳಿ ಮೋಟರ್ ತರ್ತೀನಿ ಆಯಿ," ಅಂದೆ. "ನೀ ಬಾವಿ ಹತ್ರ ಇರು."

ಹೊಸ್ತಿಲು ದಾಟಿದೆ. ಹಿಂದಿನಿಂದ ಅಣ್ಣನ ದನಿ ಬಂತು, ಈಗ ಮೆತ್ತಗೆ.

"ಬಾಗಲಾ ಸಾವಕಾಶ ಮುಂದ ಮಾಡು. ಮಂದಿ ಕುಂತಾರ."

ಬಾಗಿಲನ್ನು ಎರಡೂ ಕೈಯಿಂದ ಎಳೆದು, ಮಾಳಿಗೆಯ ಮಣ್ಣು ಉದುರುವ ಹಾಗೆ ಬಡಿದೆ.